ಸತ್ತವರನ್ನು ಮಣ್ಣು ಮಾಡಲಿಕ್ಕೂ ಪರ್ಮಿಷನ್ ಬೇಕು

2025ರ ಸೆಪ್ಟೆಂಬರ್ 6, ಶನಿವಾರ. ಪಶ್ಚಿಮ ಉಕ್ರೇನಿನ ತೆರ್ನೋಪಿಲ್ ಪ್ರಾಂತ್ಯದಲ್ಲಿ ಒಂದು ಅಂತ್ಯಸಂಸ್ಕಾರ ನಡೆಯಿತು. ಸತ್ತವರು ತೀರಿಹೋಗಿ ಆಗಲೇ ಎಂಬತ್ತು ವರ್ಷ ಕಳೆದಿತ್ತು. ಅವರೆಲ್ಲ ಪುಜ್ನಿಕಿ ಅನ್ನುವ ಊರಿನ ಪೋಲಿಷ್ ಜನ. ಊರು ಅಂತ ಬಾಯಿಮಾತಿಗೆ ಹೇಳಬೇಕು, ಅಷ್ಟೇ. ಅಲ್ಲಿ ಈಗ ಮನೆಯೂ ಇಲ್ಲ, ಒಕ್ಕಲೂ ಇಲ್ಲ. ಮರಗಿಡ ಬೆಳೆದು ಕಾಡಾಗಿದೆ. 1945ರ ಫೆಬ್ರವರಿ 12ರ ರಾತ್ರಿ ಆ ಊರಿಗೆ ಶಸ್ತ್ರ ಹಿಡಿದ ಜನ ನುಗ್ಗಿದರು. ಬೆಳಗಾಗುವುದರೊಳಗೆ ಮನೆಗಳು ಸುಟ್ಟಿದ್ದವು, ಜನ ಸತ್ತಿದ್ದರು. ಉಳಿದವರು ಹೆಣಗಳನ್ನು ಅವಸರದಲ್ಲಿ ಒಂದೇ ಗುಂಡಿಗೆ ಹಾಕಿ ಊರು ಬಿಟ್ಟರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಹಾಕುವ ಹಾಗೂ ಇರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ದೇಶದ ಗಡಿಯೇ ಬದಲಾಗಿತ್ತು.

ಆ ಗುಂಡಿ ಎಲ್ಲಿದೆ ಅಂತ ಪತ್ತೆಯಾದದ್ದು 2023ರಲ್ಲಿ. ಅದನ್ನು ತೆರೆಯಲು ಅನುಮತಿ ಸಿಕ್ಕಿದ್ದು 2025ರಲ್ಲಿ. ಏಪ್ರಿಲ್ ಕೊನೆಯಲ್ಲಿ ಅಗೆತ ಶುರುವಾಯಿತು. ಕನಿಷ್ಠ 42 ಜನರ ಮೂಳೆಗಳು ಸಿಕ್ಕವು. ಹೆಂಗಸರು, ಮಕ್ಕಳು, ಗಂಡಸರು ಎಲ್ಲರೂ ಇದ್ದರು. ಸೆಪ್ಟೆಂಬರಿನಲ್ಲಿ ಎರಡೂ ದೇಶಗಳ ಸರ್ಕಾರದ ಪ್ರತಿನಿಧಿಗಳು, ಪಾದ್ರಿಗಳು, ಪೋಲೆಂಡಿನಿಂದ ಬಂದ ಬಂಧುಬಳಗ ಸೇರಿ ಅವರನ್ನು ಮಣ್ಣು ಮಾಡಿದರು.

ನಮ್ಮಲ್ಲಿ ಸತ್ತವರ ಮನೆಗೆ ಹೋಗಲಾಗದಿದ್ದರೆ ‘ಒಂದು ಹಿಡಿ ಮಣ್ಣು ಹಾಕೋಕೂ ಆಗಲಿಲ್ಲ’ ಅಂತ ಕೊರಗುತ್ತೇವೆ. ಪೋಲೆಂಡಿನಲ್ಲಿ ಸಾವಿರಾರು ಕುಟುಂಬಗಳು ಈ ಕೊರಗನ್ನು ಮೂರು ತಲೆಮಾರಿನಿಂದ ಹೊತ್ತುಕೊಂಡಿವೆ. ಈಗ ಅದು ಬರೀ ಕುಟುಂಬದ ಕೊರಗಾಗಿ ಉಳಿದಿಲ್ಲ. ಉಕ್ರೇನ್ ಐರೋಪ್ಯ ಒಕ್ಕೂಟ ಸೇರಬಹುದೋ ಬೇಡವೋ ಅನ್ನುವ ದೊಡ್ಡ ಚೌಕಾಸಿಯೊಳಗೂ ಈ ಗುಂಡಿಗಳು ಬಂದು ಕೂತಿವೆ. ಇದು ಹೇಗಾಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದೇ ನೆಲ, ಎರಡು ಹೆಸರು

ಈ ಇಡೀ ದುರಂತಕ್ಕೆ ಹೆಸರು ಕೊಟ್ಟ ಸೀಮೆ ವೊಲಿನ್. ಪೋಲರು ಇದನ್ನು ವೊವಿನ್ ಅನ್ನುತ್ತಾರೆ. ಇಂದಿನ ಉಕ್ರೇನಿನ ವಾಯವ್ಯ ಮೂಲೆ, ಲುತ್ಸ್ಕ್ ಮತ್ತು ರಿವ್ನೆ ಪಟ್ಟಣಗಳ ಸುತ್ತಮುತ್ತ. ಕಾಡು, ಜೌಗು, ನಡುವೆ ಕಪ್ಪು ಮಣ್ಣಿನ ಹೊಲ. 1921ರ ರೀಗಾ ಒಪ್ಪಂದದಲ್ಲಿ ಇದು ಪೋಲೆಂಡಿನ ಪಾಲಿಗೆ ಬಂತು. ಆದರೆ ಅಲ್ಲಿ ಪೋಲರೇ ಅಲ್ಪಸಂಖ್ಯಾತರು. 1931ರ ಜನಗಣತಿಯ ಲೆಕ್ಕದಲ್ಲಿ ನೂರಕ್ಕೆ ಸುಮಾರು 16 ಜನ ಪೋಲರು, 70ರ ಹತ್ತಿರ ಉಕ್ರೇನಿಯನ್ನರು, 10 ಜನ ಯಹೂದಿಗಳು. ಬೇರೆ ಬೇರೆ ಚರ್ಚು, ಆದರೆ ಸಂತೆ ಒಂದೇ. ಮದುವೆ ಸಂಬಂಧಗಳೂ ಬೆಳೆದಿದ್ದವು.

ಆಗಿನ ಪೋಲಿಷ್ ಸರ್ಕಾರ ಇಲ್ಲಿ ಒಳ್ಳೆಯ ಹೆಸರು ಗಳಿಸಲಿಲ್ಲ. ನಿವೃತ್ತ ಸೈನಿಕರನ್ನು ಕರೆತಂದು ಜಮೀನು ಕೊಟ್ಟು ನೆಲೆಗೊಳಿಸಿತು. ಭೂಮಿ ಇಲ್ಲದ ಉಕ್ರೇನಿಯನ್ ರೈತ ಅದನ್ನು ನೋಡುತ್ತ ಕೂತ. 1930ರಲ್ಲಿ ಪಕ್ಕದ ಪೂರ್ವ ಗಲೀಸಿಯಾದಲ್ಲಿ ಪೊಲೀಸರು ಮತ್ತು ಸೈನ್ಯ ಊರೂರಿಗೆ ನುಗ್ಗಿ ‘ಶಾಂತಿ ಸ್ಥಾಪನೆ’ ಮಾಡಿದರು. 1938ರಲ್ಲಿ ಹೆಲ್ಮ್ ಸೀಮೆಯಲ್ಲಿ ನೂರಕ್ಕೂ ಹೆಚ್ಚು ಆರ್ಥೊಡಾಕ್ಸ್ ಚರ್ಚುಗಳನ್ನು ಕೆಡವಿದರು. ಇದನ್ನೆಲ್ಲ ಹೇಳುವುದು ಮುಂದೆ ನಡೆದದ್ದಕ್ಕೆ ಸಬೂಬು ಕೊಡಲಿಕ್ಕಲ್ಲ. ತೊಟ್ಟಿಲಲ್ಲಿದ್ದ ಮಗುವನ್ನು ಕೊಲ್ಲಲಿಕ್ಕೆ ಜಮೀನಿನ ಜಗಳ ಯಾವತ್ತೂ ಕಾರಣ ಆಗಲ್ಲ. ಆದರೆ ಹಗೆ ಎಲ್ಲಿಂದ ಬಂತು ಅಂತ ಕೇಳುವವರಿಗೆ ಇಷ್ಟಾದರೂ ಗೊತ್ತಿರಬೇಕು.

1939ರಲ್ಲಿ ಸ್ಟಾಲಿನ್ ಬಂದ. ಪೋಲಿಷ್ ಕುಟುಂಬಗಳನ್ನು ರೈಲಿಗೆ ತುಂಬಿ ಸೈಬೀರಿಯಾಕ್ಕೆ ಕಳಿಸಿದ. 1941ರಲ್ಲಿ ಹಿಟ್ಲರ್ ಬಂದ. ಮುಂದಿನ ವರ್ಷ ಮುಗಿಯುವುದರೊಳಗೆ ವೊಲಿನ್‌ನ ಯಹೂದಿಗಳಲ್ಲಿ ಹೆಚ್ಚುಕಮ್ಮಿ ಎಲ್ಲರನ್ನೂ ಊರಾಚೆಯ ಗುಂಡಿಗಳ ದಂಡೆಯಲ್ಲಿ ನಿಲ್ಲಿಸಿ ಕೊಂದು ಮುಗಿಸಿದ್ದರು. ಆ ಕೆಲಸಕ್ಕೆ ಜರ್ಮನರು ಬಳಸಿಕೊಂಡವರಲ್ಲಿ ಸ್ಥಳೀಯ ಉಕ್ರೇನಿಯನ್ ಸಹಾಯಕ ಪೊಲೀಸರೂ ಇದ್ದರು. ಒಂದು ಊರನ್ನು ಸುತ್ತುವರಿಯುವುದು ಹೇಗೆ, ಜನರನ್ನು ಒಂದೆಡೆ ಸೇರಿಸುವುದು ಹೇಗೆ, ತಪ್ಪಿಸಿಕೊಂಡವರನ್ನು ಹುಡುಕುವುದು ಹೇಗೆ ಅಂತ ಅವರು ಅಲ್ಲಿ ಕಲಿತರು. 1943ರ ವಸಂತದಲ್ಲಿ ಇಂಥ ಸುಮಾರು 5,000 ಪೊಲೀಸರು ಕೋವಿ ಸಮೇತ ಕಾಡು ಸೇರಿದರು. ಸೇರಿದ್ದು ಉಪಾಕ್ಕೆ. ಉಕ್ರೇನಿಯನ್ ಬಂಡಾಯ ಸೇನೆಯ ಮೊದಲಕ್ಷರಗಳು ಅವು. ಇಂಗ್ಲಿಷಿನಲ್ಲಿ ಬರೆದರೆ ಯುಪಿಎ ಆಗುತ್ತದೆ. ನಮ್ಮ ಓದುಗರಿಗೆ ಬೇರೆಯೇ ನೆನಪಾಗುತ್ತದೆ, ಹಾಗಾಗಿ ಉಪಾ ಅಂತಲೇ ಕರೆಯೋಣ. ಅದರ ಹಿಂದಿದ್ದದ್ದು ಸ್ತೆಪಾನ್ ಬಂಡೇರಾನ ಹೆಸರು ಹೊತ್ತ ಉಕ್ರೇನಿಯನ್ ರಾಷ್ಟ್ರವಾದಿ ಸಂಘಟನೆಯ ಬಣ. ಯುದ್ಧ ಮುಗಿದಾಗ ಗಡಿ ಎಳೆಯುವವರು ಬಂದೇ ಬರುತ್ತಾರೆ, ಅಷ್ಟರೊಳಗೆ ಈ ನೆಲದಲ್ಲಿ ಪೋಲರೇ ಇರಬಾರದು ಅನ್ನುವುದು ಅವರ ಲೆಕ್ಕ.

ಆ ಭಾನುವಾರ

ಮೊದಲ ದೊಡ್ಡ ಕೊಲೆ ನಡೆದದ್ದು 1943ರ ಫೆಬ್ರವರಿ 9ರಂದು, ಪರೋಶ್ಲಾ ಅನ್ನುವ ಪುಟ್ಟ ಊರಿನಲ್ಲಿ. ಬಂದವರು ತಾವು ಸೋವಿಯತ್ ಗೆರಿಲ್ಲಾಗಳು ಅಂದರು. ಊರವರು ಊಟ ಹಾಕಿದರು. ಉಂಡ ಮೇಲೆ ಅವರು, ‘ನಿಮ್ಮನ್ನು ಕಟ್ಟಿಹಾಕಿ ಹೋಗುತ್ತೇವೆ, ಆಗ ನೀವು ನಮಗೆ ಮನಸಾರೆ ಸಹಾಯ ಮಾಡಿದಿರಿ ಅಂತ ಜರ್ಮನರಿಗೆ ಅನುಮಾನ ಬರುವುದಿಲ್ಲ’ ಅಂತ ನಂಬಿಸಿದರು. ಜನ ನೆಲದ ಮೇಲೆ ಮಲಗಿ ಕೈ ಕಟ್ಟಿಸಿಕೊಂಡರು. ಆಮೇಲೆ ಕೊಡಲಿ. ನೂರೈವತ್ತರಷ್ಟು ಜನ ಸತ್ತರು. ತಲೆಗೆ ಏಟು ಬಿದ್ದೂ ಬದುಕಿದ ಕೆಲವು ಮಕ್ಕಳಿಂದ ಈ ಕಥೆ ಹೊರಗೆ ಬಂತು.

ಜುಲೈ ಹೊತ್ತಿಗೆ ಇದು ಒಂದೊಂದೇ ಊರಿನ ಕೆಲಸವಾಗಿ ಉಳಿಯಲಿಲ್ಲ. ವೊಲಿನ್‌ನಲ್ಲಿದ್ದ ಪೋಲಿಷ್ ಭೂಗತ ಪ್ರತಿರೋಧದವರು ಉಪಾ ಜೊತೆ ಮಾತಾಡಿ ನೋಡೋಣ ಅಂದುಕೊಂಡರು. ಜುಲೈ 10ರಂದು ಕವಿ ಜಿಗ್ಮುಂಟ್ ರುಮೆಲ್ ಒಬ್ಬ ಸಂಗಾತಿ ಮತ್ತು ಗಾಡಿಯವನ ಜೊತೆ ಹೊರಟ. ಆಯುಧ ಇಲ್ಲ, ಕಾವಲು ಪಡೆ ಇಲ್ಲ. ಮೂವರನ್ನೂ ಕೊಂದರು. ಕುದುರೆಗಳಿಗೆ ಕಟ್ಟಿ ಸೀಳಿದರು ಅಂತ ಪೋಲೆಂಡಿನಲ್ಲಿ ಹೇಳುತ್ತ ಬಂದಿದ್ದಾರೆ. ರುಮೆಲ್‌ಗೆ ಆಗ 28 ವರ್ಷ. ಪೋಲೆಂಡ್, ಉಕ್ರೇನ್ ಎರಡೂ ತನ್ನನ್ನು ಸಾಕಿದ ತಾಯಂದಿರು ಅಂತ ಪದ್ಯ ಬರೆದಿದ್ದವನು ಅವನು.

ಮಾರನೆಯ ದಿನ, 1943ರ ಜುಲೈ 11, ಭಾನುವಾರ. ಜನ ಚರ್ಚಿನಲ್ಲಿ ಸಿಗುತ್ತಾರೆ ಅನ್ನುವ ಕಾರಣಕ್ಕೇ ಆ ದಿನವನ್ನು ಆರಿಸಿದ್ದು. ಒಂದೇ ದಿನ ನೂರರ ಹತ್ತಿರ ಊರುಗಳ ಮೇಲೆ ದಾಳಿ. ಪೋರಿತ್ಸ್ಕ್‌ನಲ್ಲಿ ಪೂಜೆ ನಡೆಯುತ್ತಿರುವಾಗಲೇ ಚರ್ಚಿನೊಳಗೆ ಗುಂಡು, ಗ್ರೆನೇಡು. ಇತಿಹಾಸದಲ್ಲಿ ಇದಕ್ಕೆ ‘ರಕ್ತದ ಭಾನುವಾರ’ ಅಂತ ಹೆಸರು.

ಕಿಶೆಲಿನ್ ಅನ್ನುವ ಊರಿನ ಕಥೆ ಹೇಳಲೇಬೇಕು. ಪೂಜೆ ಮುಗಿಸಿ ಹೊರಗೆ ಬರುವಾಗ ಚರ್ಚನ್ನು ಸುತ್ತುವರಿದಿದ್ದಾರೆ ಅಂತ ಜನಕ್ಕೆ ಗೊತ್ತಾಯಿತು. ಕೆಲವರು ಚರ್ಚಿನೊಳಗೇ ಉಳಿದರು. ಕೆಲವರು ಅದಕ್ಕೆ ಅಂಟಿಕೊಂಡ ಪಾದ್ರಿಯ ಮನೆಗೆ ನುಗ್ಗಿ ಮಹಡಿ ಹತ್ತಿದರು. ಚರ್ಚಿನೊಳಗೆ ಉಳಿದವರನ್ನು ಕೊಂದರು. ಮಹಡಿ ಮೇಲಿದ್ದವರ ಹತ್ತಿರ ಕೋವಿ ಇರಲಿಲ್ಲ. ಅವರು ಒಲೆ ಕಿತ್ತರು, ಗೋಡೆ ಕಿತ್ತರು, ಇಟ್ಟಿಗೆಗಳನ್ನು ಕೆಳಗೆ ಎಸೆದರು. ಏಣಿ ಹಾಕಿ ಹತ್ತಿದವರ ತಲೆ ಮೇಲೆ ಇಟ್ಟಿಗೆ. ಹೊತ್ತು ಮುಳುಗುವವರೆಗೂ ಹೀಗೇ. ಕೊನೆಗೆ ದಾಳಿಯವರು ಬೇಸತ್ತು ಹೋದರು. ಹಾಗೆ ಬದುಕಿದವರಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಇದ್ದರು. ಗ್ರೆನೇಡಿನ ಗಾಯಕ್ಕೆ ಹುಡುಗ ಕಾಲು ಕಳೆದುಕೊಂಡ. ಮುಂದೆ ಇಬ್ಬರೂ ಮದುವೆಯಾದರು. ಪೋಲೆಂಡಿನ ಹೆಸರಾಂತ ಸಂಗೀತ ಸಂಯೋಜಕ ಕ್ಷೆಶಿಮಿರ್ ದೆಂಬ್ಸ್ಕಿ ಅವರ ಮಗ. ಆ ಚರ್ಚಿನ ಚಾವಣಿಯಿಲ್ಲದ ಗೋಡೆಗಳು ಇವತ್ತಿಗೂ ಅಲ್ಲೇ ನಿಂತಿವೆ.

ಕೊಲ್ಲಲು ಬಂದವರಲ್ಲಿ ಸಮವಸ್ತ್ರದವರಷ್ಟೇ ಇರಲಿಲ್ಲ. ಅಕ್ಕಪಕ್ಕದ ಊರಿನ ರೈತರನ್ನೂ ಕೂಡಿಸಿಕೊಂಡು ಬಂದಿದ್ದರು. ಕೊಡಲಿ, ಕುಡುಗೋಲು, ಹುಲ್ಲು ಎತ್ತುವ ಕವೆಗೋಲು, ಹೊಲಮನೆಯಲ್ಲಿ ಏನಿತ್ತೋ ಅದೇ ಆಯುಧ. ಬದುಕಿ ಬಂದವರ ನೆನಪಿನಲ್ಲಿ ಇದೇ ಹೆಚ್ಚು ಕುಟುಕುವುದು. ಬಂದವರಲ್ಲಿ ಗುರುತಿನ ಮುಖಗಳಿದ್ದವು. ಆದರೆ ಬಾಗಿಲು ತೆರೆದು ಬಚ್ಚಿಟ್ಟವರೂ ಇದೇ ನೆರೆಯವರಲ್ಲಿ ಇದ್ದರು. ಪೋಲೆಂಡಿನ ರಾಷ್ಟ್ರೀಯ ಸ್ಮೃತಿ ಸಂಸ್ಥೆ ಇಂಥವರ ಪಟ್ಟಿ ಮಾಡಿದೆ. ಪೋಲರನ್ನು ಉಳಿಸಿದ 1,300ಕ್ಕೂ ಹೆಚ್ಚು ಉಕ್ರೇನಿಯನ್ನರ ವಿವರ ಅದರಲ್ಲಿದೆ. ಅವರಲ್ಲಿ 380ಕ್ಕೂ ಹೆಚ್ಚು ಜನ ಆ ಉಪಕಾರಕ್ಕೆ ತಮ್ಮ ಜೀವವನ್ನೇ ತೆತ್ತರು. ಈ ಪಟ್ಟಿಯ ಬಗ್ಗೆ ಎರಡೂ ಕಡೆಯ ಭಾಷಣಗಾರರು ಮಾತಾಡುವುದು ಕಮ್ಮಿ. ಭಾಷಣಕ್ಕೆ ಇದು ಅಷ್ಟು ಅನುಕೂಲವಾಗಲ್ಲ, ಅಲ್ವಾ?

ವೊಲಿನ್‌ನಲ್ಲಿ ಶುರುವಾದದ್ದು 1944ರಲ್ಲಿ ಪೂರ್ವ ಗಲೀಸಿಯಾಕ್ಕೆ ಹಬ್ಬಿತು. ಪುಜ್ನಿಕಿ ಇರುವುದು ಆ ಕಡೆ. ಒಟ್ಟು ಸತ್ತ ಪೋಲರು ಎಷ್ಟು ಅನ್ನುವುದಕ್ಕೆ ಪೋಲಿಷ್ ಇತಿಹಾಸಕಾರರು ಸಾಮಾನ್ಯವಾಗಿ ಹೇಳುವ ಅಂದಾಜು 1 ಲಕ್ಷದ ಹತ್ತಿರ. ಅದರಲ್ಲಿ ವೊಲಿನ್ ಒಂದರದ್ದೇ 40ರಿಂದ 60 ಸಾವಿರ. ಪೋಲರೂ ಸುಮ್ನೆ ಕೂರಲಿಲ್ಲ. ಪ್ಶೆಬ್ರಾಜೆ ಅನ್ನುವ ಊರಿನಲ್ಲಿ ಬೇಲಿ ಕಟ್ಟಿ, ಕಾವಲು ಹಾಕಿ ಸಾವಿರಾರು ನಿರಾಶ್ರಿತರನ್ನು ಕಾಪಾಡಿದರು. ಅದು ಆತ್ಮರಕ್ಷಣೆ. ಆದರೆ 1944ರ ಮಾರ್ಚಿನಲ್ಲಿ ಸಹ್ರಿನ್‌ನಲ್ಲಿ, 1945ರ ಮಾರ್ಚಿನಲ್ಲಿ ಪವ್ಲೊಕೋಮಾದಲ್ಲಿ ಪೋಲಿಷ್ ಪಡೆಗಳು ನೂರಾರು ಉಕ್ರೇನಿಯನ್ ಹಳ್ಳಿಗರನ್ನು ಕೊಂದದ್ದು ಆತ್ಮರಕ್ಷಣೆ ಆಗಿರಲಿಲ್ಲ. ಸೇಡಿನ ಹತ್ಯೆಗಳಲ್ಲಿ 10ರಿಂದ 15 ಸಾವಿರ ಉಕ್ರೇನಿಯನ್ನರು ಸತ್ತರು ಅನ್ನುವುದು ಒಂದು ಅಂದಾಜು. 1947ರಲ್ಲಿ ಕಮ್ಯುನಿಸ್ಟ್ ಪೋಲೆಂಡ್ ‘ವಿಸ್ತುಲಾ ಕಾರ್ಯಾಚರಣೆ’ ನಡೆಸಿ ಸುಮಾರು 1 ಲಕ್ಷ 40 ಸಾವಿರ ಉಕ್ರೇನಿಯನ್ನರನ್ನು ಆಗ್ನೇಯ ಭಾಗದ ಊರುಗಳಿಂದ ಎತ್ತಿ ದೇಶದ ಪಶ್ಚಿಮ, ಉತ್ತರಕ್ಕೆ ಚದುರಿಸಿತು.

ಬಾಯಿ ಕಟ್ಟಿದ ವರ್ಷಗಳು

ಯುದ್ಧ ಮುಗಿದ ಮೇಲೆ ವೊಲಿನ್ ಸೋವಿಯತ್ ಒಕ್ಕೂಟದ್ದಾಯಿತು. ಬದುಕುಳಿದ ಪೋಲರು ನೂರಾರು ಮೈಲಿ ಪಶ್ಚಿಮಕ್ಕೆ, ಜರ್ಮನರು ಬಿಟ್ಟುಹೋದ ಮನೆಗಳಿಗೆ ಬಂದು ಸೇರಿದರು. ಅವರು ಬಿಟ್ಟು ಬಂದ ಪೂರ್ವದ ಸೀಮೆಯನ್ನು ಪೋಲಿಷಿನಲ್ಲಿ ‘ಕ್ರೆಸಿ’ ಅನ್ನುತ್ತಾರೆ, ಅಂಚಿನ ನಾಡು ಅಂತ ಅರ್ಥ. ಕ್ರೆಸಿಯ ಬಗ್ಗೆ ಮಾತಾಡಿದರೆ ಸೋವಿಯತ್ ದೊಡ್ಡಣ್ಣನಿಗೆ ಸಿಟ್ಟು. ಹಾಗಾಗಿ ಅಜ್ಜಿಯರು ಅಡುಗೆಮನೆಯಲ್ಲಿ ಪಿಸುಮಾತಿನಲ್ಲಿ ಹೇಳಿದರು, ಮೊಮ್ಮಕ್ಕಳು ಕೇಳಿಸಿಕೊಂಡರು. ಶಾಲೆಯ ಪುಸ್ತಕದಲ್ಲಿ ಬರಲಿಲ್ಲ. ‘ನಮ್ಮವರನ್ನು ಎರಡು ಸಲ ಕೊಂದರು, ಒಮ್ಮೆ ಕೊಡಲಿಯಿಂದ, ಇನ್ನೊಮ್ಮೆ ಮೌನದಿಂದ’ ಅನ್ನುವ ಮಾತು ಈ ಕುಟುಂಬಗಳಲ್ಲಿ ಈಗಲೂ ಓಡಾಡುತ್ತದೆ.

ಇತ್ತ ಉಕ್ರೇನಿನಲ್ಲಿ ಉಪಾ ಬೇರೆಯೇ ಕಥೆಯಾಗಿ ಉಳಿಯಿತು. ಯುದ್ಧ ಮುಗಿದ ಮೇಲೂ ಅದು 1950ರ ದಶಕದ ಶುರುವಿನ ತನಕ ಕಾಡಿನಲ್ಲಿ ಅವಿತು ಸೋವಿಯತ್ ಪಡೆಗಳ ವಿರುದ್ಧ ಹೋರಾಡಿತು. ಸ್ಟಾಲಿನ್‌ನ ಪೊಲೀಸರು ಅದಕ್ಕಾಗಿ ಊರೂರುಗಳನ್ನೇ ಗಡೀಪಾರು ಮಾಡಿದರು. ಪಶ್ಚಿಮ ಉಕ್ರೇನಿನ ಎಷ್ಟೋ ಮನೆಗಳಲ್ಲಿ ಉಪಾ ಅಂದರೆ ಸೈಬೀರಿಯಾಕ್ಕೆ ಹೋಗಿ ಮರಳದ ದೊಡ್ಡಪ್ಪ. ಬಂಡೇರಾ ಅಂದರೆ 1959ರಲ್ಲಿ ಮ್ಯೂನಿಕ್‌ನಲ್ಲಿ ಕೆಜಿಬಿ ಏಜೆಂಟನ ಕೈಯಲ್ಲಿ ಸತ್ತವನು. 1943ರ ಜುಲೈನಲ್ಲಿ ಬಂಡೇರಾ ಜರ್ಮನರ ಸೆರೆಯಲ್ಲಿದ್ದ ಅನ್ನುವುದೂ ನಿಜ. ವೊಲಿನ್‌ನಲ್ಲಿ ಉಪಾವನ್ನು ನಡೆಸುತ್ತಿದ್ದವನು ದ್ಮಿತ್ರೊ ಕ್ಲ್ಯಾಚ್ಕಿವ್ಸ್ಕಿ. ಆದರೆ ಆ ಪಡೆ ನಂಬಿದ್ದ ಸಿದ್ಧಾಂತ, ಹೊತ್ತ ಹೆಸರು ಬಂಡೇರಾನದ್ದೇ. 2010ರಲ್ಲಿ ಅಧ್ಯಕ್ಷ ಯುಷ್ಚೆಂಕೊ ಬಂಡೇರಾಗೆ ‘ಉಕ್ರೇನಿನ ವೀರ’ ಬಿರುದು ಕೊಟ್ಟರು, ಕೋರ್ಟು ಅದನ್ನು ರದ್ದು ಮಾಡಿತು. 2015ರ ಏಪ್ರಿಲಿನಲ್ಲಿ ಉಪಾದವರನ್ನೂ ಸ್ವಾತಂತ್ರ್ಯ ಹೋರಾಟಗಾರರು ಅಂತ ಗೌರವಿಸುವ ಕಾನೂನು ಕೀವ್ ಸಂಸತ್ತಿನಲ್ಲಿ ಪಾಸಾಯಿತು. ಅದೇ ದಿನ, ಕೆಲವೇ ಗಂಟೆ ಮೊದಲು, ಅದೇ ಸಂಸತ್ತಿನಲ್ಲಿ ಪೋಲೆಂಡಿನ ಅಧ್ಯಕ್ಷ ಕೊಮೊರೋವ್ಸ್ಕಿ ಸ್ನೇಹದ ಭಾಷಣ ಮಾಡಿದ್ದರು. ಅವರ ಪಾಡು ನೋಡಿ. ಅದಕ್ಕೂ ಎರಡು ವರ್ಷ ಹಿಂದೆ, ಹತ್ಯಾಕಾಂಡದ 70ನೇ ವರ್ಷಕ್ಕೆ ಲುತ್ಸ್ಕ್‌ಗೆ ಹೋದಾಗ ಒಬ್ಬ ಯುವಕ ಅವರ ಭುಜದ ಮೇಲೆ ಮೊಟ್ಟೆ ಒಡೆದಿದ್ದ.

2014ರ ನಂತರ, ಅದರಲ್ಲೂ 2022ರ ನಂತರ, ಉಪಾದ ಕೆಂಪು–ಕಪ್ಪು ಬಾವುಟಕ್ಕೆ ಇನ್ನೊಂದು ಅರ್ಥ ಸೇರಿಕೊಂಡಿತು. ಅದನ್ನು ಹಿಡಿಯುವ ಇಪ್ಪತ್ತರ ಉಕ್ರೇನಿಯನ್ ಸೈನಿಕನ ತಲೆಯಲ್ಲಿ ಪೋಲರಿಲ್ಲ, ಮಾಸ್ಕೊ ಇದೆ. ವಾರ್ಸಾದಲ್ಲಿ ಅದೇ ಬಾವುಟ ಕಂಡವರಿಗೆ ಕಿಶೆಲಿನ್ ಕಾಣುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನನ್ನ ಮಟ್ಟಿಗೆ ಈ ಜಗಳದ ಗಂಟು ಇರುವುದೇ ಇಲ್ಲಿ. ಇಲ್ಲಿ ‘ಯಾವುದು ಸತ್ಯ’ ಅಂತ ಕೇಳಿದರೆ ಗಂಟು ಬಿಚ್ಚುವುದಿಲ್ಲ. ‘ನಿನ್ನ ವೀರ ಇನ್ನೇನೇನು ಮಾಡಿದ್ದ’ ಅಂತ ಕೇಳಬೇಕಾಗುತ್ತದೆ. ಯುದ್ಧದ ನಡುವೆ ಆ ಪ್ರಶ್ನೆ ಕೇಳುವುದು ಕಷ್ಟ, ಉತ್ತರಿಸುವುದು ಇನ್ನೂ ಕಷ್ಟ.

ಗುಂಡಿಗೆ ಬಿದ್ದ ಬೀಗ

ರಾಜಿಯ ಪ್ರಯತ್ನಗಳು ಆಗಿಲ್ಲ ಅಂತೇನಿಲ್ಲ. 2003ರಲ್ಲಿ ಕ್ವಾಶ್ನೆವ್ಸ್ಕಿ, ಕುಚ್ಮಾ ಇಬ್ಬರೂ ಅಧ್ಯಕ್ಷರು ಪಾವ್ಲಿವ್ಕಾದಲ್ಲಿ, ಅಂದರೆ ಹಳೆಯ ಪೋರಿತ್ಸ್ಕ್‌ನಲ್ಲಿ ಒಟ್ಟಿಗೆ ನಿಂತರು. 2006ರಲ್ಲಿ ಪವ್ಲೊಕೋಮಾದಲ್ಲಿ ಉಕ್ರೇನಿಯನ್ ಬಲಿಪಶುಗಳಿಗೆ ಇಬ್ಬರು ಅಧ್ಯಕ್ಷರು ತಲೆಬಾಗಿದರು. 2016ರಲ್ಲಿ ಉಕ್ರೇನಿನ ಅಧ್ಯಕ್ಷ ಪೊರೊಶೆಂಕೊ ವಾರ್ಸಾದ ವೊಲಿನ್ ಸ್ಮಾರಕಕ್ಕೆ ಹೂ ಇಟ್ಟರು. ಅದೇ ತಿಂಗಳು ಪೋಲೆಂಡಿನ ಸಂಸತ್ತು ನಡೆದದ್ದನ್ನು ‘ಜನಾಂಗಹತ್ಯೆ’ ಅಂತ ಕರೆದು ನಿರ್ಣಯ ಪಾಸು ಮಾಡಿತು. ಉಕ್ರೇನ್ ‘ವೊಲಿನ್ ದುರಂತ’ ಅನ್ನುತ್ತದೆ. ಒಂದು ಪದಕ್ಕಾಗಿ ಎರಡು ದೇಶಗಳ ಇತಿಹಾಸಕಾರರು ಜಗ್ಗಾಡುತ್ತಿದ್ದಾರೆ.

2017ರಲ್ಲಿ ಕೆಲಸ ಕೆಟ್ಟಿತು. ಪೋಲೆಂಡಿನ ಹ್ರುಶೊವಿಟ್ಸೆ ಊರಿನ ಸ್ಮಶಾನದಲ್ಲಿ ಪರ್ಮಿಷನ್ ಇಲ್ಲದೆ ಕಟ್ಟಿದ್ದ ಉಪಾ ಸ್ಮಾರಕವನ್ನು ಕೆಡವಿದರು. ಅದಕ್ಕೆ ಪ್ರತಿಯಾಗಿ ಉಕ್ರೇನ್ ತನ್ನ ನೆಲದಲ್ಲಿ ಪೋಲರು ಮೂಳೆ ಹುಡುಕುವ, ಎತ್ತುವ ಕೆಲಸವನ್ನೇ ನಿಲ್ಲಿಸಿತು. ಅಲ್ಲಿಯವರೆಗೆ ಅಲ್ಲಲ್ಲಿ ಅಗೆತ ನಡೆದಿತ್ತು. ಓಸ್ತ್ರುವ್ಕಿ ಅನ್ನುವಲ್ಲಿ 1992ರಲ್ಲೂ 2011ರಲ್ಲೂ ನೂರಾರು ಜನರ ಅವಶೇಷ ತೆಗೆದು ಗೌರವದಿಂದ ಹೂತಿದ್ದರು. 2017ರ ನಂತರ ಬೀಗ. ಯಾವುದೋ ಕಲ್ಲಿನ ಕಮಾನಿನ ಸಿಟ್ಟನ್ನು ಗುಂಡಿಯಲ್ಲಿದ್ದ ಹೆಣಗಳ ಮೇಲೆ ತೀರಿಸಿಕೊಂಡಂತಾಯಿತು. ಉಕ್ರೇನ್ ಈ ಒಂದು ವಿಷಯದಲ್ಲಿ ಮಾಡಿದ್ದು ತಪ್ಪು ಅಂತ ನನಗನ್ನಿಸುತ್ತದೆ. ಸ್ಮಾರಕದ ಬಗ್ಗೆ, ಪದದ ಬಗ್ಗೆ ನೂರು ವರ್ಷ ವಾದ ಮಾಡಿ. ಸತ್ತವರನ್ನು ಮಣ್ಣು ಮಾಡಬೇಡಿ ಅನ್ನಲಿಕ್ಕೆ ಯಾವ ವಾದವೂ ಇಲ್ಲ.

2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡಿದಾಗ ಪೋಲೆಂಡ್ ಬಾಗಿಲು ತೆರೆಯಿತು. ಲಕ್ಷಾಂತರ ಉಕ್ರೇನಿಯನ್ನರು ಪೋಲರ ಮನೆಗಳಲ್ಲಿ, ಊಟದ ಕೋಣೆಗಳಲ್ಲಿ ಮಲಗಿದರು. ಉಕ್ರೇನಿಗೆ ಹೋಗುವ ಆಯುಧದ ಬಹುಪಾಲು ಪೋಲೆಂಡಿನ ಜೆಶುವ್ ಮೂಲಕವೇ ಸಾಗಿತು. ಲ್ವಿವ್‌ನ ಪೋಲಿಷ್ ಸೈನಿಕರ ಸ್ಮಶಾನದಲ್ಲಿ ವರ್ಷಗಟ್ಟಲೆ ಹಲಗೆ ಹೊಡೆದು ಮುಚ್ಚಿದ್ದ ಎರಡು ಕಲ್ಲಿನ ಸಿಂಹಗಳನ್ನು ಆ ವರ್ಷದ ಮೇ ತಿಂಗಳಲ್ಲಿ ಬಿಚ್ಚಿದರು. ಎಲ್ಲ ಸರಿಹೋಯಿತು ಅಂತ ಎಷ್ಟೋ ಜನ ಅಂದುಕೊಂಡರು. 2023ರ ಜುಲೈನಲ್ಲಿ ಪೋಲೆಂಡಿನ ಅಧ್ಯಕ್ಷ ದೂದಾ, ಉಕ್ರೇನಿನ ಅಧ್ಯಕ್ಷ ಝೆಲೆನ್ಸ್ಕಿ ಲುತ್ಸ್ಕ್‌ನ ಕ್ಯಾಥೆಡ್ರಲ್‌ನಲ್ಲಿ ಅಕ್ಕಪಕ್ಕ ನಿಂತು ಮೇಣದ ದೀಪ ಇಟ್ಟರು. ಆದರೂ ಗುಂಡಿಯ ಬೀಗ ತೆರೆಯಲು ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು. 2024ರ ನವೆಂಬರ್ 26ರಂದು ಎರಡೂ ದೇಶಗಳ ವಿದೇಶಾಂಗ ಸಚಿವರಾದ ಸಿಕೋರ್ಸ್ಕಿ ಮತ್ತು ಸಿಬಿಹಾ ಅಗೆತಕ್ಕೆ ಅಡ್ಡಿಯಿಲ್ಲ ಅಂತ ಜಂಟಿಯಾಗಿ ಹೇಳಿದರು. ಪುಜ್ನಿಕಿಯ ದಾರಿ ತೆರೆದದ್ದು ಹಾಗೆ.

ಯಾಕೆ ಬದಲಾಯಿತು? ಪೋಲೆಂಡಿನ ಕೈಯಲ್ಲಿ ಒಂದು ಬಲವಾದ ದಾಳ ಇದೆ. ಐರೋಪ್ಯ ಒಕ್ಕೂಟಕ್ಕೆ ಹೊಸ ದೇಶ ಸೇರಬೇಕಾದರೆ ಒಳಗಿರುವ ಪ್ರತಿ ದೇಶವೂ ಒಪ್ಪಬೇಕು. 2024ರ ಜುಲೈನಲ್ಲಿ ರಕ್ಷಣಾ ಸಚಿವ ಕೊಶಿನ್ಯಾಕ್–ಕಾಮಿಶ್, ವೊಲಿನ್ ಇತ್ಯರ್ಥ ಆಗದೆ ಉಕ್ರೇನ್ ಒಕ್ಕೂಟಕ್ಕೆ ಬರಲಾಗದು ಅಂದರು. 2025ರ ಜನವರಿಯಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಕರೋಲ್ ನವ್ರೋತ್ಸ್ಕಿ ಅದೇ ಮಾತಿಗೆ ನೇಟೊವನ್ನೂ ಸೇರಿಸಿದರು. ಅವರು ಸುಮ್ನೆ ಬಂದ ರಾಜಕಾರಣಿ ಅಲ್ಲ. ರಾಷ್ಟ್ರೀಯ ಸ್ಮೃತಿ ಸಂಸ್ಥೆಯ ಮುಖ್ಯಸ್ಥರಾಗಿದ್ದ ಇತಿಹಾಸಕಾರ. ಜೂನಿನಲ್ಲಿ ಕೂದಲೆಳೆಯಲ್ಲಿ ಗೆದ್ದು, ಆಗಸ್ಟಿನಲ್ಲಿ ಅಧಿಕಾರ ವಹಿಸಿಕೊಂಡರು. ಅದೇ ತಿಂಗಳು ಉಕ್ರೇನಿಯನ್ ನಿರಾಶ್ರಿತರ ಸೌಲಭ್ಯದ ಮಸೂದೆಯನ್ನು ತಡೆದರು. ಬಂಡೇರಾ ಬಣದ ಚಿಹ್ನೆಗಳನ್ನು ನಾಜಿ, ಕಮ್ಯುನಿಸ್ಟ್ ಚಿಹ್ನೆಗಳ ಸಾಲಿಗೇ ಸೇರಿಸಬೇಕು ಅಂದರು.

ಅದರ ನಡುವೆ ಇನ್ನೊಂದು ಕಾನೂನೂ ಆಯಿತು. 2025ರ ಜೂನಿನಲ್ಲಿ ಸಂಸತ್ತು ಪಾಸು ಮಾಡಿ, ಜುಲೈನಲ್ಲಿ ಆಗಿನ ಅಧ್ಯಕ್ಷ ದೂದಾ ಸಹಿ ಹಾಕಿದರು. ಜುಲೈ 11 ಇನ್ನು ಮುಂದೆ ಸರ್ಕಾರಿ ಸ್ಮರಣೆಯ ದಿನ. ದಿನದ ಹೆಸರಿನಲ್ಲೇ ಜನಾಂಗಹತ್ಯೆ ಅನ್ನುವ ಪದವೂ ಇದೆ, ಉಪಾದ ಹೆಸರೂ ಇದೆ. ಉಕ್ರೇನಿನ ವಿದೇಶಾಂಗ ಇಲಾಖೆ ಇದು ನೆರೆಹೊರೆಯ ಸ್ನೇಹಕ್ಕೆ ತಕ್ಕದ್ದಲ್ಲ ಅಂತ ಆಕ್ಷೇಪಿಸಿತು.

ಆ ದಿನ ಪೋಲೆಂಡಿನಲ್ಲಿ ಕೆಲವರು ಎದೆಗೆ ಒಂದು ಪುಟ್ಟ ನೀಲಿ ಹೂವಿನ ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತಾರೆ. ಅಗಸೆ ಹೂ. ನಮ್ಮ ಉತ್ತರ ಕರ್ನಾಟಕದಲ್ಲಿ ರೊಟ್ಟಿಗೆ ಅಗಸಿ ಹಿಂಡಿ ಮಾಡುತ್ತಾರಲ್ಲ, ಅದೇ ಗಿಡ. ‘ಬಲಿಯಾದವರು ಕೂಗುತ್ತಿರುವುದು ಸೇಡಿಗಲ್ಲ, ನೆನಪಿಗೆ’ ಅನ್ನುವ ಸಾಲು ಅವರ ಘೋಷಣೆ. ಇದರ ಜೊತೆಗೆ ಇನ್ನೊಂದು ಬಗೆಯ ಸ್ಮಾರಕವನ್ನೂ ಇಟ್ಟು ನೋಡಬೇಕು. ದೊಮೊಸ್ತಾವಾ ಅನ್ನುವಲ್ಲಿ 2024ರ ಜುಲೈನಲ್ಲಿ ಒಂದು ದೊಡ್ಡ ಕಂಚಿನ ಹದ್ದನ್ನು ನಿಲ್ಲಿಸಿದರು. ಅದರ ಎದೆಯಲ್ಲಿ ಶಿಲುಬೆಯಾಕಾರದ ಕಿಂಡಿ, ಕಿಂಡಿಯಲ್ಲಿ ತ್ರಿಶೂಲಕ್ಕೆ ಚುಚ್ಚಿದ ಮಗು. ತ್ರಿಶೂಲ ಉಕ್ರೇನಿನ ರಾಷ್ಟ್ರಲಾಂಛನವೂ ಹೌದು. ಹಲವು ಊರುಗಳು ನಮಗೆ ಬೇಡ ಅಂದ ಮೇಲೆ ಈ ಪ್ರತಿಮೆ ಇಲ್ಲಿಗೆ ಬಂತು. 2025ರ ಆಗಸ್ಟಿನಲ್ಲಿ ಅದರ ಮೇಲೆ ಯಾರೋ ಉಪಾಗೆ ಜೈಕಾರ ಬರೆದರು. ಪ್ರಕರಣದಲ್ಲಿ ಹದಿನೇಳು ವರ್ಷದ ಒಬ್ಬ ಉಕ್ರೇನಿಯನ್ ಹುಡುಗನನ್ನು ಹಿಡಿದರು. ಇದರ ಹಿಂದೆ ವಿದೇಶಿ ಗುಪ್ತಚರರ ಕೈವಾಡ ಇದೆ ಅನ್ನುವುದು ಪೋಲಿಷ್ ಸರ್ಕಾರದ ಅನುಮಾನ. ಪೋಲರಿಗೂ ಉಕ್ರೇನಿಯನ್ನರಿಗೂ ಜಗಳ ಹತ್ತಿದರೆ ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಒಂದು ಡಬ್ಬಿ ಬಣ್ಣದ ಖರ್ಚಿನಲ್ಲಿ ಎರಡು ದೇಶ ಒಂದು ವಾರ ಬಡಿದಾಡುತ್ತವೆ.

ಅಂದ ಮಾತ್ರಕ್ಕೆ ‘ಈಗ ಯುದ್ಧ ನಡೆಯುತ್ತಿದೆ, ಹಳೆಯದನ್ನು ಕೆದಕಬೇಡಿ’ ಅನ್ನುವ ಉಪದೇಶ ನನಗೆ ಒಪ್ಪಿಗೆಯಿಲ್ಲ. ಎಂಬತ್ತು ವರ್ಷದಿಂದ ಪ್ರತಿ ಕಾಲದಲ್ಲೂ ಕೆದಕದಿರಲು ಒಂದು ಕಾರಣ ಇದ್ದೇ ಇತ್ತು. ಮುಚ್ಚಿಟ್ಟ ಗುಂಡಿ ಇರುವವರೆಗೂ ಪ್ರತಿ ಚುನಾವಣೆಯಲ್ಲಿ ಯಾರಾದರೊಬ್ಬರು ಅದರ ದಂಡೆ ಮೇಲೆ ನಿಂತು ಓಟು ಕೇಳುತ್ತಾರೆ. ಪುಜ್ನಿಕಿಯಲ್ಲಿ ಅಗೆದವರು ಯಾರು ಗೊತ್ತಾ? ಪೋಲಿಷ್ ಪ್ರತಿಷ್ಠಾನವೊಂದರ ತಂಡ ಮತ್ತು ಉಕ್ರೇನಿನ ಪುರಾತತ್ವ ಸಂಸ್ಥೆಯೊಂದರ ತಂಡ, ಒಟ್ಟಿಗೆ. ಇಬ್ಬರೂ ಒಂದೇ ಗುಂಡಿಗೆ ಇಳಿದು, ಒಂದೇ ಬ್ರಷ್ಷಿನಿಂದ ಮಣ್ಣು ಗುಡಿಸಿ, ಒಂದೊಂದು ಮೂಳೆಗೂ ನಂಬರು ಹಾಕಿದರು. ಟೀವಿ ಚರ್ಚೆಯಲ್ಲಿ ಇತ್ಯರ್ಥವಾಗದ ಎಷ್ಟೋ ಪ್ರಶ್ನೆಗಳು ಆ ಗುಂಡಿಯಲ್ಲಿ ಇತ್ಯರ್ಥವಾಗುತ್ತವೆ. ಎಷ್ಟು ಜನ, ಎಷ್ಟು ವಯಸ್ಸು, ಏಟು ಎಲ್ಲಿ ಬಿದ್ದಿದೆ ಅನ್ನುವುದನ್ನು ಮೂಳೆಯೇ ಹೇಳುತ್ತದೆ. ಉಕ್ರೇನ್ ತನ್ನವರ ಸಮಾಧಿಗಳ ಬಗ್ಗೆ ಪೋಲೆಂಡಿನಿಂದ ಇದೇ ಕೇಳುತ್ತಿದೆ, ಕೇಳಲಿಕ್ಕೆ ಅದಕ್ಕೂ ಅಷ್ಟೇ ಹಕ್ಕಿದೆ.

ನಮಗೂ ಈ ನೆಲಕ್ಕೂ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ. ಆಮೇಲೆ ನೆನಪಾಯಿತು. ನಿಪ್ಪಾಣಿಯಿಂದ ಬಸ್ಸು ಹತ್ತಿದರೆ ಒಂದು ಗಂಟೆ ದೂರದಲ್ಲಿ ಕೊಲ್ಹಾಪುರ. ಅದರ ಪಕ್ಕ ವಳಿವಡೆ. 1943ರಿಂದ 1948ರವರೆಗೆ ಅಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರ ಶಿಬಿರ ಇತ್ತು. ಅವರಲ್ಲಿ ಬಹಳಷ್ಟು ಜನ ಸ್ಟಾಲಿನ್ ಸೈಬೀರಿಯಾಕ್ಕೆ ಸಾಗಿಸಿದ್ದ ಇದೇ ಕ್ರೆಸಿಯ ಕುಟುಂಬದವರು. ಇರಾನ್ ದಾಟಿ ಇಲ್ಲಿಗೆ ಬಂದವರು. ಅವರು ಪಂಚಗಂಗೆಯ ಸೀಮೆಯಲ್ಲಿ ಮಕ್ಕಳಿಗೆ ಶಾಲೆ ತೆರೆಯುತ್ತಿದ್ದ ಹೊತ್ತಿಗೆ ಅವರು ಬಿಟ್ಟು ಬಂದ ಸೀಮೆಯ ಹಳ್ಳಿಗಳು ಉರಿಯುತ್ತಿದ್ದವು. ಗಡೀಪಾರು ಶಿಕ್ಷೆಯೇ ಕೆಲವರ ಪಾಲಿಗೆ ಜೀವ ಉಳಿಸಿದ್ದು. 2022ರಲ್ಲಿ ಉಕ್ರೇನಿನಲ್ಲಿ ಮೆಡಿಕಲ್ ಓದುತ್ತಿದ್ದ ನಮ್ಮ ಹುಡುಗ ಹುಡುಗಿಯರು ಲ್ವಿವ್ ದಾಟಿ, ಚಳಿಯಲ್ಲಿ ನಡೆದು ಪೋಲೆಂಡಿನ ಗಡಿ ತಲುಪಿದ್ದೂ ಹಳೆಯ ಕ್ರೆಸಿಯ ನೆಲದ ಮೇಲೆಯೇ.

ಪುಜ್ನಿಕಿಯ ಮೂಳೆಗಳಿಂದ ತೆಗೆದ ಮಾದರಿಗಳ ಡಿಎನ್‌ಎ ಪರೀಕ್ಷೆ ಪೋಲೆಂಡಿನ ಶ್ಚೆಚಿನ್ ನಗರದ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಕೆಲಸ. ಮೂಳೆಗೆ ಹೆಸರು ಬರಬೇಕಾದರೆ ಬದುಕಿರುವ ಬಂಧುವಿನ ಎಂಜಲು ಬೇಕು. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಉಜ್ಜಿ ತೆಗೆಯುತ್ತಾರೆ, ಎರಡು ನಿಮಿಷದ ಕೆಲಸ. ಆ ರಾತ್ರಿ ಪುಜ್ನಿಕಿಯಲ್ಲಿ ಐದು ವರ್ಷದ ಮಗುವಾಗಿದ್ದವರಿಗೆ ಈಗ 85 ದಾಟಿದೆ.